‘ಎಲ್ಲವೂ ಒಂದು ದಿನ ತಪ್ಪಾಗುತ್ತದೆ’ ಅನ್ನುವುದಾದರೆ, ಕಡಿಮೆ ತಪ್ಪು ಯಾವುದು ಎಂದು ಅಳೆಯುವುದು ಹೇಗೆ?

ಸಂದೇಹಿ

ಈ ವಾದ ಚರ್ಚೆಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ: ‘ವಿಜ್ಞಾನ ನಿನ್ನೆ ಒಂದು ಹೇಳಿತು, ಇವತ್ತು ಇನ್ನೊಂದು ಹೇಳುತ್ತಿದೆ, ನಾಳೆ ಇದೂ ತಪ್ಪು ಅಂತ ಆಗುತ್ತದೆ. ಹಾಗಿರುವಾಗ ಹಳಬರು ತಪ್ಪು, ನಾವು ಸರಿ ಅನ್ನುವುದಕ್ಕೆ ಏನು ಆಧಾರ?’

ಸರಿ ಮತ್ತು ತಪ್ಪು ಎಂದು ಎರಡೇ ಖಾನೆ ಇಟ್ಟುಕೊಂಡರೆ ಈ ವಾದವನ್ನು ಅಲ್ಲಾಡಿಸುವುದು ಕಷ್ಟ. ಯಾವ ಸಿದ್ಧಾಂತವೂ ನೂರಕ್ಕೆ ನೂರು ಸರಿಯಲ್ಲ, ಹಾಗಾಗಿ ಎಲ್ಲವೂ ಎರಡನೇ ಖಾನೆಗೇ ಬೀಳುತ್ತವೆ, ಅಲ್ಲಿಗೆ ಬಿದ್ದ ಮೇಲೆ ಎಲ್ಲವೂ ಸಮ. ತಪ್ಪಿನಲ್ಲಿ ಹೆಚ್ಚು ಕಡಿಮೆ ಇದೆ ಎಂದು ನಾವು ಹೇಳುತ್ತೇವೆ, ಆದರೆ ಅದನ್ನು ಅಳೆಯುವ ಕೋಲು ಯಾವುದು ಎಂದು ಕೇಳಿದರೆ ತಡವರಿಸುತ್ತೇವೆ.

ಎರಡು ಪ್ರಶ್ನೆ ಇವೆ. ಒಂದು, ‘ಇದು ಅದಕ್ಕಿಂತ ಕಡಿಮೆ ತಪ್ಪು’ ಎಂಬ ಮಾತಿಗೆ ಲೆಕ್ಕದಲ್ಲಿ ತೋರಿಸಬಹುದಾದ ಅರ್ಥ ಇದೆಯೇ? ಎರಡು, ಒಬ್ಬ ಸಾಮಾನ್ಯ ಮನುಷ್ಯ ತನ್ನ ದಿನನಿತ್ಯದ ಅಂದಾಜುಗಳಲ್ಲಿ ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿದ್ದಾನೋ ಇಲ್ಲವೋ ಎಂದು ತಿಳಿಯಲು ಏನು ಮಾಡಬೇಕು? ‘ಮುಕ್ತ ಮನಸ್ಸಿನಿಂದಿರಿ’ ಎಂಬ ಉಪದೇಶ ಬೇಡ, ಮಾಡಿ ನೋಡಬಹುದಾದ ವಿಧಾನ ಬೇಕು.

---

ನಾಲ್ಕನೇ_ದಶಾಂಶ

ಅಳೆಯುವುದು ಸುಲಭವಾಗಿರುವ ಒಂದು ವಿಷಯದಿಂದ ಶುರು ಮಾಡೋಣ: ವರ್ಷದ ಉದ್ದ.

ಋತುಚಕ್ರದ ವರ್ಷ ಸರಾಸರಿ 365.2422 ದಿನ. ವರ್ಷಕ್ಕೆ 365 ದಿನ ಎಂದು ಹಿಡಿದರೆ 0.2422 ದಿನದ ತಪ್ಪು, ಅಂದರೆ ನಾಲ್ಕು ವರ್ಷಕ್ಕೆ ಸುಮಾರು ಒಂದು ದಿನ ಜಾರುತ್ತದೆ. ಜೂಲಿಯನ್ ಕ್ಯಾಲೆಂಡರ್ ನಾಲ್ಕು ವರ್ಷಕ್ಕೊಮ್ಮೆ ಒಂದು ದಿನ ಸೇರಿಸಿ ಸರಾಸರಿಯನ್ನು 365.25ಕ್ಕೆ ತಂದಿತು. ಈಗ ತಪ್ಪು 0.0078 ದಿನ, ಅಂದರೆ ವರ್ಷಕ್ಕೆ 11 ನಿಮಿಷ ಚಿಲ್ಲರೆ; ಒಂದು ದಿನ ಜಾರಲು ಸುಮಾರು 128 ವರ್ಷ ಬೇಕು. ಗ್ರೆಗೋರಿಯನ್ ಕ್ಯಾಲೆಂಡರ್ 400 ವರ್ಷಗಳಲ್ಲಿ 100ರ ಬದಲು 97 ಅಧಿಕ ದಿನ ಇಟ್ಟಿತು, ಸರಾಸರಿ 365.2425 ಆಯಿತು. ತಪ್ಪು 0.0003 ದಿನ, ವರ್ಷಕ್ಕೆ ಅರ್ಧ ನಿಮಿಷವೂ ಇಲ್ಲ. ಒಂದು ದಿನ ಜಾರಲು 3,000 ವರ್ಷಕ್ಕೂ ಹೆಚ್ಚು ಬೇಕು.

ಮೂರೂ ‘ತಪ್ಪು’. ಆದರೆ ಮೊದಲ ತಿದ್ದುಪಡಿಯಲ್ಲಿ ತಪ್ಪು ಸುಮಾರು 31 ಪಟ್ಟು ಕುಗ್ಗಿತು, ಎರಡನೆಯದರಲ್ಲಿ 26 ಪಟ್ಟು. ‘ನಾಳೆ ಇದೂ ತಪ್ಪಾಗುತ್ತದೆ’ ಅನ್ನುವವರನ್ನು ಕೇಳಬೇಕಾದ್ದು ಇದೇ: ಎಷ್ಟು ತಪ್ಪಾಗುತ್ತದೆ? ಮುಂದಿನ ತಿದ್ದುಪಡಿ ಬಂದರೂ ಅದು ಸೆಕೆಂಡುಗಳಲ್ಲಿ ಬರುತ್ತದೆಯೇ ಹೊರತು, ವರ್ಷಕ್ಕೆ 340 ದಿನ ಎಂದು ಯಾರೂ ತೀರ್ಮಾನಿಸುವುದಿಲ್ಲ.

ಇದರಲ್ಲಿ ಇನ್ನೊಂದು ವಿಷಯವಿದೆ. ಒಬ್ಬ ಮನುಷ್ಯನ 70 ವರ್ಷದ ಆಯುಷ್ಯದಲ್ಲಿ ಜೂಲಿಯನ್ ಲೆಕ್ಕ ಜಾರುವುದು ಅರ್ಧ ದಿನ ಮಾತ್ರ, ಆ ತಪ್ಪು ಯಾರ ಅನುಭವಕ್ಕೂ ಬರುವಂಥದ್ದಲ್ಲ. ಆದರೆ ಈಸ್ಟರ್ ಲೆಕ್ಕಕ್ಕೆ ಆಧಾರವಾಗಿದ್ದ ಕ್ರಿ.ಶ. 325ರಿಂದ 1582ರವರೆಗೆ ಗುಣಿಸಿದರೆ ಸುಮಾರು 10 ದಿನ ಆಗುತ್ತದೆ. ಅದಕ್ಕೇ 1582ರ ಅಕ್ಟೋಬರ್ 4ರ ಮರುದಿನವನ್ನು ಅಕ್ಟೋಬರ್ 15 ಎಂದು ಕರೆಯಬೇಕಾಯಿತು. ತಪ್ಪಿನ ಗಾತ್ರದ ಜೊತೆಗೆ, ಅದು ಒಂದೇ ದಿಕ್ಕಿನಲ್ಲಿ ಕೂಡುತ್ತಾ ಹೋಗುತ್ತದೆಯೋ ಇಲ್ಲವೋ ಎಂಬುದನ್ನೂ ನೋಡಬೇಕು. ಹಿಂದಕ್ಕೂ ಮುಂದಕ್ಕೂ ಆಡುವ ದೊಡ್ಡ ತಪ್ಪಿಗಿಂತ ಒಂದೇ ಕಡೆ ವಾಲುವ ಸಣ್ಣ ತಪ್ಪು ದೀರ್ಘಕಾಲದಲ್ಲಿ ಹೆಚ್ಚು ಹಾನಿ ಮಾಡಬಲ್ಲದು.

ಪೈ ಬೆಲೆಯಲ್ಲೂ ಇದನ್ನೇ ಕಾಣಬಹುದು. 3 ಎಂದರೆ ಶೇ 4.5ರಷ್ಟು ತಪ್ಪು, 22/7 ಎಂದರೆ ಶೇ 0.04, ಆರ್ಯಭಟನ 62832/20000 ಅಂದರೆ 3.1416ರಲ್ಲಿ ಶೇ 0.0003ಕ್ಕಿಂತ ಕಡಿಮೆ. ಅಂಕಿಯಷ್ಟೇ ಮುಖ್ಯವಾದ ಸಂಗತಿಯೆಂದರೆ ಆರ್ಯಭಟ ಇದನ್ನು ಸಮೀಪದ ಬೆಲೆ ಎಂದೇ ಕೊಟ್ಟ. ಆರ್ಕಿಮಿಡೀಸ್ ಅದಕ್ಕೂ ಮೊದಲು ಬೇರೆ ದಾರಿ ಹಿಡಿದಿದ್ದ: ಪೈ 223/71ಕ್ಕಿಂತ ದೊಡ್ಡದು, 22/7ಕ್ಕಿಂತ ಚಿಕ್ಕದು ಎಂದು ಎರಡೂ ಕಡೆ ಬೇಲಿ ಹಾಕಿದ. ತಾನು ಗರಿಷ್ಠ ಎಷ್ಟು ತಪ್ಪಿರಬಹುದು ಎಂಬುದೂ ಆ ಉತ್ತರದಲ್ಲೇ ಇದೆ. ನನ್ನ ಮಟ್ಟಿಗೆ ಬರಿಯ ಅಂಕಿಗಿಂತ ಇದು ಮೇಲ್ದರ್ಜೆಯ ಉತ್ತರ.

---

ಶೇಷಪ್ರಶ್ನೆ

ದಶಾಂಶ ಅವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಕ್ಯಾಲೆಂಡರ್, ಪೈ ಎರಡೂ ತುಂಬ ಸಾಧು ಉದಾಹರಣೆಗಳು. ಅಲ್ಲಿ ಅಳೆಯಬೇಕಾದ್ದು ಒಂದೇ ಸಂಖ್ಯೆ, ನಿಜ ಬೆಲೆಯೂ ಈಗ ನಮಗೆ ಗೊತ್ತು. ಇಷ್ಟನ್ನೇ ನೋಡಿದರೆ ಕಾಲ ಕಳೆದಂತೆ ತಪ್ಪು ತಾನಾಗಿ ಕುಗ್ಗುತ್ತದೆ ಎಂಬ ಭಾವನೆ ಬರುತ್ತದೆ. ಹಾಗಾಗದೇ ಇರುವುದೂ ಉಂಟು.

ಭೂಮಿಯ ವಯಸ್ಸನ್ನು ತೆಗೆದುಕೊಳ್ಳಿ. ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್, 1862ರಲ್ಲಿ ಭೂಮಿ ತಣ್ಣಗಾಗುವ ಲೆಕ್ಕದಿಂದ 2 ಕೋಟಿಯಿಂದ 40 ಕೋಟಿ ವರ್ಷ ಎಂದರು. 1897ರ ಹೊತ್ತಿಗೆ ಅದನ್ನು 2ರಿಂದ 4 ಕೋಟಿಗೆ ಇಳಿಸಿದರು. ನಿಜವಾದ ವಯಸ್ಸು ಸುಮಾರು 454 ಕೋಟಿ ವರ್ಷ. ಲೆಕ್ಕ ಹೆಚ್ಚು ‘ನಿಖರ’ವಾಗುತ್ತಾ ಹೋಯಿತು, ಸತ್ಯದಿಂದ ದೂರವೂ ಆಗುತ್ತಾ ಹೋಯಿತು. ಇಂಥ ಕಡೆ ವ್ಯತ್ಯಾಸವನ್ನು ಕಳೆದು ನೋಡುವುದಕ್ಕಿಂತ ಭಾಗಿಸಿ ನೋಡಬೇಕು: 40 ಕೋಟಿಯ ಮೇಲಂಚು ಸುಮಾರು 11 ಪಟ್ಟು ಕಡಿಮೆ, 4 ಕೋಟಿಯ ಮೇಲಂಚು 110 ಪಟ್ಟಿಗೂ ಹೆಚ್ಚು ಕಡಿಮೆ. ಮೂವತ್ತೈದು ವರ್ಷಗಳ ದುಡಿಮೆಯ ನಂತರ ಮೇಲಂಚಿನ ತಪ್ಪು ಹತ್ತು ಪಟ್ಟು ಹೆಚ್ಚಿತು.

ಕಾರಣ ಗುಣಾಕಾರ ಭಾಗಾಕಾರದಲ್ಲಿ ಇರಲಿಲ್ಲ. ಭೂಮಿಯ ಒಳಭಾಗ ಗಟ್ಟಿ, ಶಾಖ ಅದರಲ್ಲಿ ವಹನದಿಂದ ಮಾತ್ರ ಹರಿಯುತ್ತದೆ ಎಂಬ ಊಹೆಯಲ್ಲಿತ್ತು. ಒಳಗೆ ಶಾಖ ಇನ್ನೂ ಸಲೀಸಾಗಿ ಸಾಗುವುದಾದರೆ ವಯಸ್ಸು ಎಷ್ಟೋ ಪಟ್ಟು ಹೆಚ್ಚಬಹುದು ಎಂದು ಅವರ ಹಳೆಯ ಸಹಾಯಕ ಜಾನ್ ಪೆರ‍್ರಿ 1895ರಲ್ಲೇ ತೋರಿಸಿದರು. ಭೂಮಿಯೊಳಗೆ ಶಾಖ ಹುಟ್ಟಿಸುವ ವಿಕಿರಣಶೀಲತೆ ಗೊತ್ತಿಲ್ಲದ್ದೇ ಕೆಲ್ವಿನ್ ಸೋಲಿಗೆ ಕಾರಣ ಎಂದು ಸಾಮಾನ್ಯವಾಗಿ ಬರೆಯುತ್ತಾರೆ, ಆದರೆ ಪೆರ‍್ರಿಯ ಆಕ್ಷೇಪಕ್ಕೆ ಅದರ ಅಗತ್ಯವೇ ಇರಲಿಲ್ಲ.

ಇದಕ್ಕೆ ತದ್ವಿರುದ್ಧ ಉದಾಹರಣೆ ಕೊಪರ್ನಿಕಸ್. 1543ರಲ್ಲಿ ಸೂರ್ಯನನ್ನು ನಡುವೆ ಇಟ್ಟಾಗ ಗ್ರಹಗಳ ಸ್ಥಾನ ಹೇಳುವುದರಲ್ಲಿ ಭೂಮಿಯನ್ನು ನಡುವೆ ಇಟ್ಟಿದ್ದ ಟಾಲೆಮಿಗಿಂತ ಹೇಳಿಕೊಳ್ಳುವಂಥ ಸುಧಾರಣೆ ಆಗಲಿಲ್ಲ, ಯಾಕೆಂದರೆ ಅವನೂ ವೃತ್ತಗಳನ್ನೇ ಬಳಸಿದ್ದ. ಅಂಕಿಯಲ್ಲಿ ಲಾಭವಿಲ್ಲ, ರಚನೆಯಲ್ಲಿ ದೊಡ್ಡ ಲಾಭ. ಆ ರಚನೆ ಇದ್ದುದರಿಂದಲೇ ಕೆಪ್ಲರ್‌ಗೆ ಮಂಗಳ ಗ್ರಹದ ಲೆಕ್ಕದಲ್ಲಿ ಉಳಿದ 8 ಆರ್ಕ್‌ಮಿನಿಟ್ ವ್ಯತ್ಯಾಸವನ್ನು ಹಿಡಿದು ಹೊರಟು 1609ರಲ್ಲಿ ದೀರ್ಘವೃತ್ತಕ್ಕೆ ಬರಲು ಸಾಧ್ಯವಾಯಿತು. 8 ಆರ್ಕ್‌ಮಿನಿಟ್ ಎಂದರೆ ಹುಣ್ಣಿಮೆ ಚಂದ್ರನ ಅಗಲದ ಕಾಲು ಭಾಗ. ಕೆಪ್ಲರ್ ಬಳಸಿದ ಟೈಕೋ ಬ್ರಾಹೆಯ ವೀಕ್ಷಣೆ ಅಷ್ಟು ತಪ್ಪಿರಲಾರದು ಎಂದು ಗೊತ್ತಿದ್ದರಿಂದ ಮಾತ್ರ ಆ ಸಣ್ಣ ವ್ಯತ್ಯಾಸಕ್ಕೆ ಬೆಲೆ ಬಂತು.

ಹಾಗಾಗಿ ಕೋಲು ಒಂದಲ್ಲ, ಕನಿಷ್ಠ ಮೂರು. ಅಂಕಿ ಎಷ್ಟು ಹತ್ತಿರ ಇದೆ. ಹಿಂದಿರುವ ರಚನೆ ಎಷ್ಟು ಸರಿ ಇದೆ. ಹೇಳಿಕೊಂಡ ಖಚಿತತೆ ನಿಜವಾದ ತಪ್ಪಿಗೆ ಹೊಂದುತ್ತದೆಯೇ. ಕೆಲ್ವಿನ್ ಮೂರನೆಯದರಲ್ಲಿ ಅತಿ ಹೆಚ್ಚು ಸೋತರು. 2 ಕೋಟಿಯಿಂದ 500 ಕೋಟಿ ಎಂದು ಹೇಳಿದ್ದರೆ ನೋಡುವವರಿಗೆ ಅದು ಕೆಲಸಕ್ಕೆ ಬಾರದ ಉತ್ತರ ಅನ್ನಿಸುತ್ತಿತ್ತು, ಆದರೆ ಅದೇ ಕಡಿಮೆ ತಪ್ಪಿನ ಉತ್ತರ ಆಗಿರುತ್ತಿತ್ತು.

---

ಪುಟ_ಹದಿನೇಳು

ಮೇಲಿನ ಪಟ್ಟಿಗೆ ನಾಲ್ಕನೆಯದೊಂದು ಸೇರಿಸಿ: ಆ ನಂಬಿಕೆಯ ಮೇಲೆ ನಡೆದುಕೊಂಡರೆ ಏನಾಗುತ್ತದೆ.

ವಿಯೆನ್ನಾದಲ್ಲಿ ವೈದ್ಯ ಸೆಮ್ಮೆಲ್ವೈಸ್ 1847ರ ಮೇ ತಿಂಗಳಲ್ಲಿ ವೈದ್ಯರು ಕ್ಲೋರಿನ್ ಸೇರಿದ ಸುಣ್ಣದ ನೀರಿನಲ್ಲಿ ಕೈ ತೊಳೆಯುವಂತೆ ಮಾಡಿದರು. ಅವರ ಹೆರಿಗೆ ವಿಭಾಗದಲ್ಲಿ ತಾಯಂದಿರ ಸಾವು 1846ರಲ್ಲಿ ಶೇ 11.4 ಇದ್ದದ್ದು 1848ರಲ್ಲಿ ಶೇ 1.27ಕ್ಕೆ ಇಳಿಯಿತು. ಅವರು ಕೊಟ್ಟ ವಿವರಣೆ ಶವಪರೀಕ್ಷೆ ಮಾಡಿದ ವೈದ್ಯರ ಕೈಗೆ ಅಂಟಿ ಬರುವ ಕೊಳೆತ ಕಣಗಳು ಎಂಬುದಾಗಿತ್ತು, ಸೂಕ್ಷ್ಮಜೀವಿಗಳ ಮಾತೇ ಅದರಲ್ಲಿ ಇರಲಿಲ್ಲ. ವಿವರಣೆ ತಪ್ಪು, ಆದರೆ ಕೆಟ್ಟ ಗಾಳಿಯೇ ಕಾರಣ ಎಂಬ ಆಗಿನ ನಂಬಿಕೆಗಿಂತ ಕಡಿಮೆ ತಪ್ಪು. ಯಾಕೆಂದರೆ ‘ಕೈಯಿಂದ ಏನೋ ದಾಟುತ್ತದೆ’ ಎಂಬ ಕೊಂಡಿಯನ್ನು ಅದು ಸರಿಯಾಗಿ ಹಿಡಿದಿತ್ತು, ಕತ್ತರಿಸಬೇಕಾದ್ದೂ ಆ ಕೊಂಡಿಯನ್ನೇ. ಎರಡು ತಪ್ಪು ವಿವರಣೆಗಳನ್ನು ಹೋಲಿಸುವಾಗ ಯಾವುದು ಸರಿಯಾದ ಕೊಂಡಿಗೆ ಕೈ ಹಾಕುತ್ತದೆ ಎಂದು ನೋಡುವುದು ತುಂಬ ಉಪಯೋಗದ ಪರೀಕ್ಷೆ.

---

ಸಂದೇಹಿ

ಮೂವರಿಗೂ ವಂದನೆಗಳು. ಮೊದಲ ಪ್ರಶ್ನೆಗೆ ಇಷ್ಟು ಸಾಕು. ಆದರೆ ಈ ಎಲ್ಲ ಉದಾಹರಣೆಗಳಲ್ಲಿ ನಿಜ ಏನು ಎಂದು ಇವತ್ತು ಗೊತ್ತಿರುವುದರಿಂದ ಹಿಂದಕ್ಕೆ ನೋಡಿ ಅಳೆಯುತ್ತಿದ್ದೇವೆ. ಒಬ್ಬ ವ್ಯಕ್ತಿಗೆ, ಈಗ, ತನ್ನ ಯೋಚನೆ ಸುಧಾರಿಸುತ್ತಿದೆಯೇ ಎಂದು ತಿಳಿಯುವ ದಾರಿ ಹೇಳಿ.

---

ಅಳತೆಗೋಲು

ದಾರಿ ಇದೆ, ತುಸು ಬೇಸರದ ಕೆಲಸ. ಫಲಿತಾಂಶ ಬರುವ ಮೊದಲೇ ಊಹೆಯನ್ನು ಸಂಖ್ಯೆಯಲ್ಲಿ ಬರೆದಿಡಬೇಕು. ಬರೆದಿಡದೆ ಹೋದರೆ ನೆನಪು ಹಿಂದಿನ ಊಹೆಯನ್ನು ಫಲಿತಾಂಶದ ಕಡೆಗೆ ಎಳೆದುಬಿಡುತ್ತದೆ, ‘ನನಗೆ ಆಗಲೇ ಗೊತ್ತಿತ್ತು’ ಅನ್ನಿಸುತ್ತದೆ. ಇದು ಎಲ್ಲರಲ್ಲೂ ಆಗುತ್ತದೆ, ಬುದ್ಧಿವಂತರಲ್ಲೂ.

ಸ್ಪ್ರೆಡ್‌ಶೀಟ್‌ನಲ್ಲಿ ಐದು ಕಾಲಂ ಸಾಕು: ಬರೆದ ದಿನಾಂಕ, ಹೇಳಿಕೆ, ಅದು ಇತ್ಯರ್ಥವಾಗುವ ದಿನಾಂಕ, ಸಂಭವನೀಯತೆ, ಫಲಿತಾಂಶ (ಆದರೆ 1, ಆಗದಿದ್ದರೆ 0). ಹೇಳಿಕೆ ಬರೆಯುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ‘ಈ ಕೆಲಸ ಬೇಗ ಮುಗಿಯಬಹುದು’ ಎಂಬುದು ಹೇಳಿಕೆಯಲ್ಲ. ‘ಮಾರ್ಚ್ 31ರ ಒಳಗೆ ಕೊನೆಯ ಕರಡು ಕಳುಹಿಸಿರುತ್ತೇನೆ: ಶೇ 70’ ಎಂಬುದು ಹೇಳಿಕೆ. ನಿಮ್ಮನ್ನು ಇಷ್ಟಪಡದವರೊಬ್ಬರು ಓದಿದರೂ ಆಯಿತು ಅಥವಾ ಆಗಲಿಲ್ಲ ಎಂದು ಒಪ್ಪುವಂತಿರಬೇಕು.

ಅಂಕ ಕೊಡಲು ಬ್ರಯರ್ ಸ್ಕೋರ್ ಬಳಸಿ. ಹವಾಮಾನ ಮುನ್ಸೂಚನೆಗಳನ್ನು ಪರೀಕ್ಷಿಸಲು ಗ್ಲೆನ್ ಬ್ರಯರ್ 1950ರಲ್ಲಿ ಕೊಟ್ಟ ಸೂತ್ರ ಇದು. ಸಂಭವನೀಯತೆಯಿಂದ ಫಲಿತಾಂಶವನ್ನು ಕಳೆದು ವರ್ಗ ಮಾಡಿ, ಎಲ್ಲದರ ಸರಾಸರಿ ತೆಗೆಯಿರಿ. ಶೇ 70 ಎಂದು ಹೇಳಿ ಆದರೆ 0.09, ಆಗದಿದ್ದರೆ 0.49. ಶೇ 95 ಎಂದು ಹೇಳಿ ಆಗದಿದ್ದರೆ 0.9025. ಸ್ಕೋರ್ ಕಡಿಮೆ ಇದ್ದಷ್ಟೂ ಒಳ್ಳೆಯದು. ವರ್ಗ ಮಾಡುವುದರಿಂದ ಖಚಿತವಾಗಿ ಹೇಳಿ ತಪ್ಪಿದವರಿಗೆ ಹೊಡೆತ ಜೋರಾಗಿ ಬೀಳುತ್ತದೆ. ಮನಸ್ಸಿನಲ್ಲಿರುವ ನಿಜವಾದ ಸಂಖ್ಯೆಯನ್ನೇ ಹೇಳಿದರೆ ಮಾತ್ರ ನಿರೀಕ್ಷಿತ ಸ್ಕೋರ್ ಅತಿ ಕಡಿಮೆಯಾಗುವಂತೆ ಸೂತ್ರ ಇದೆ, ಆದ್ದರಿಂದ ಸುಳ್ಳು ಧೈರ್ಯಕ್ಕೂ ಸುಳ್ಳು ವಿನಯಕ್ಕೂ ಲಾಭವಿಲ್ಲ. ಬೇರೆಯವರ ಸ್ಕೋರ್ ಜೊತೆ ಹೋಲಿಸುವಾಗ ಒಂದು ಎಚ್ಚರ: ಬ್ರಯರ್ ಅವರ ಮೂಲ ಸೂತ್ರ ‘ಆಗುತ್ತದೆ’, ‘ಆಗುವುದಿಲ್ಲ’ ಎರಡನ್ನೂ ಕೂಡಿಸುತ್ತದೆ, ಅದರ ವ್ಯಾಪ್ತಿ 0ಯಿಂದ 2. ನಾನು ಮೇಲೆ ಕೊಟ್ಟದ್ದು 0ಯಿಂದ 1ರದ್ದು. ಒಂದೇ ಊಹೆಗೆ ಎರಡು ಕಡೆ ಎರಡರಷ್ಟು ಅಂತರ ಬರುತ್ತದೆ.

ಎಲ್ಲದಕ್ಕೂ ಶೇ 50 ಹೇಳಿದರೆ 0.25 ಬರುತ್ತದೆ. ತಮ್ಮದು 0.15 ಬಂದ ಕೂಡಲೇ ಜನ ಸಂತೋಷಪಡುತ್ತಾರೆ. ಅವಸರ ಬೇಡ. ನೂರರಲ್ಲಿ ಹತ್ತು ಸಲ ಮಾತ್ರ ಆಗುವ ಘಟನೆಗಳನ್ನೇ ಆರಿಸಿಕೊಂಡಿದ್ದರೆ, ಏನೂ ಯೋಚಿಸದೆ ಪ್ರತಿ ಸಲವೂ ‘ಶೇ 10’ ಎನ್ನುವವನಿಗೆ 0.09 ಬರುತ್ತದೆ. ಹಾಗಾಗಿ ಹೋಲಿಸಬೇಕಾದ್ದು 0.25ರ ಜೊತೆ ಅಲ್ಲ, ಆ ಜಾತಿಯ ಘಟನೆಯ ಮೂಲ ದರದ ಜೊತೆ. ಹಿಂದೆ ಇಂಥದ್ದು ನೂರಕ್ಕೆ ಎಷ್ಟು ಸಲ ಆಗಿದೆ ಎಂದು ಮೊದಲು ಹುಡುಕಿ, ಅದೇ ಸಂಖ್ಯೆಯನ್ನು ಪ್ರತಿ ಸಲ ಹೇಳುವವನ ಸ್ಕೋರ್ ಲೆಕ್ಕ ಹಾಕಿ, ನಿಮ್ಮದು ಅದಕ್ಕಿಂತ ಕಡಿಮೆ ಇದ್ದರೆ ಮಾತ್ರ ನಿಮ್ಮ ಯೋಚನೆ ಏನಾದರೂ ಸೇರಿಸಿದೆ ಎಂದು ತಿಳಿಯಿರಿ.

ಇದರ ಜೊತೆ ಕ್ಯಾಲಿಬ್ರೇಶನ್ ನೋಡಬೇಕು, ಅಂದರೆ ಹೇಳಿದ ಶೇಕಡಾ ನಿಜವಾದ ಪ್ರಮಾಣಕ್ಕೆ ಹೊಂದುವ ಹದ. ಶೇ 80 ಎಂದು ಬರೆದ ಎಲ್ಲವನ್ನೂ ಒಂದು ಕಡೆ ಹಾಕಿ, ಅದರಲ್ಲಿ ಎಷ್ಟು ನಿಜವಾಯಿತು ಎಂದು ಎಣಿಸಿ. ಇಲ್ಲಿ ಆಗುವ ದೊಡ್ಡ ತಪ್ಪು ಸಣ್ಣ ಎಣಿಕೆಯಿಂದ ತೀರ್ಮಾನಕ್ಕೆ ಬರುವುದು. ಇಂಥ 20 ಊಹೆಗಳಿದ್ದರೆ 16 ನಿಜವಾಗಬೇಕು, ಆದರೆ ಆಕಸ್ಮಿಕದಿಂದಲೇ 13ರಿಂದ 19ರವರೆಗೆ ಆಡಬಹುದು. 13 ಬಂತು ಎಂದು ಗಾಬರಿಯಾಗಿ ಮುಂದಿನದೆಲ್ಲಕ್ಕೂ ಶೇ 65 ಬರೆಯಲು ಶುರು ಮಾಡಿದರೆ ಇರುವ ಹದವೂ ಕೆಡುತ್ತದೆ. 100 ಊಹೆ ಸೇರಿದ ಮೇಲೆ ಆಟದ ವ್ಯಾಪ್ತಿ 72ರಿಂದ 88ಕ್ಕೆ ಇಳಿಯುತ್ತದೆ, ಆಗ ಏನಾದರೂ ಹೇಳಬಹುದು.

ಕ್ಯಾಲಿಬ್ರೇಶನ್ ಒಂದೇ ಸಾಲದು. ಹತ್ತರಲ್ಲಿ ಆರು ಸಲ ಆಗುವ ಘಟನೆಗಳಿಗೆ ಎಲ್ಲಕ್ಕೂ ಶೇ 60 ಹೇಳುವವರು ಪೂರ್ತಿ ಹದದಲ್ಲಿದ್ದಾರೆ, ಸ್ಕೋರ್ 0.24. ಇನ್ನೊಬ್ಬರು ಅದೇ ಘಟನೆಗಳಲ್ಲಿ ಅರ್ಧಕ್ಕೆ ಶೇ 80, ಉಳಿದರ್ಧಕ್ಕೆ ಶೇ 40 ಎಂದು ಬೇರ್ಪಡಿಸಿ, ಹೇಳಿದ ಪ್ರಮಾಣದಲ್ಲೇ ನಿಜವಾದರೆ ಅವರೂ ಹದದಲ್ಲಿದ್ದಾರೆ, ಸ್ಕೋರ್ ಮಾತ್ರ 0.20. ಎರಡನೆಯವರಿಗೆ ಹೆಚ್ಚು ಗೊತ್ತಿದೆ. ಸುಧಾರಣೆ ಎರಡೂ ಕಡೆ ಬೇಕು, ಕ್ರಮ ಮಾತ್ರ ಹೀಗಿರಲಿ: ಮೊದಲು ಹದ, ಆಮೇಲೆ ಹೀಗೆ ಬೇರ್ಪಡಿಸಿ ಹೇಳುವ ಮೊನಚು.

ವ್ಯಾಪ್ತಿಯಾಗಿ ಉತ್ತರ ಕೊಡುವಾಗ (‘ಇಷ್ಟರಿಂದ ಇಷ್ಟು, ಶೇ 90 ಖಚಿತ’) ಬಹುತೇಕ ಎಲ್ಲರೂ ವ್ಯಾಪ್ತಿಯನ್ನು ತೀರ ಕಿರಿದು ಮಾಡುತ್ತಾರೆ. ಆಲ್ಪರ್ಟ್ ಮತ್ತು ರೈಫಾ ಮಾಡಿದ ಪ್ರಯೋಗಗಳಲ್ಲಿ ಶೇ 98ರ ವ್ಯಾಪ್ತಿ ಕೇಳಿದಾಗ ನಿಜವಾದ ಬೆಲೆ ಶೇ 2ರಷ್ಟು ಸಲ ಹೊರಗೆ ಬೀಳಬೇಕಿತ್ತು, ಬಿದ್ದದ್ದು ಶೇ 40ರ ಆಸುಪಾಸು. ಮೊದಲು ನಡುವಿನ ಅಂದಾಜು ಮಾಡಿ ಅದರ ಸುತ್ತ ಸ್ವಲ್ಪ ಜಾಗ ಬಿಡುವ ಅಭ್ಯಾಸವೇ ಇದಕ್ಕೆ ಮುಖ್ಯ ಕಾರಣ. ಉಲ್ಟಾ ಮಾಡಿ. ಕೆಳಗಿನ ಅಂಚನ್ನು ಬೇರೆಯಾಗಿ ಯೋಚಿಸಿ: ನಿಜವಾದದ್ದು ಇದಕ್ಕಿಂತಲೂ ಕಡಿಮೆ ಇರಲು ಏನು ಕಾರಣ ಇರಬಹುದು? ಆ ಕಾರಣ ಬರೆದ ಮೇಲೂ ಇಪ್ಪತ್ತರಲ್ಲಿ ಒಂದು ಸಲ ಮಾತ್ರ ಕೆಳಗೆ ಹೋಗುತ್ತದೆ ಅನ್ನಿಸುವವರೆಗೆ ಅಂಚನ್ನು ತಳ್ಳಿ. ಮೇಲಂಚಿಗೂ ಹಾಗೆಯೇ. ನಡುವಿನ ಸಂಖ್ಯೆಯನ್ನು ಕೊನೆಗೆ ಬರೆಯಿರಿ.

---

ನಾಲ್ಕನೇ_ದಶಾಂಶ

ಅಳತೆಗೋಲು ಅವರು ಹೇಳಿದ್ದು ಊಹೆ ಇಡುವ ವಿಷಯ. ಹೊಸ ಮಾಹಿತಿ ಬಂದಾಗ ಅದನ್ನು ಎಷ್ಟು ಬದಲಿಸಬೇಕು ಎಂಬ ಲೆಕ್ಕವನ್ನು ನಾನು ಸೇರಿಸುತ್ತೇನೆ. ನಿಧಾನವಾಗಿ ಸುಧಾರಿಸುವುದು ಎಂದರೆ ಮುಖ್ಯವಾಗಿ ಇದೇ.

ಶೇಕಡಾದಲ್ಲಿ ಗುಣಿಸಬೇಡಿ, ಅನುಪಾತಕ್ಕೆ ಬದಲಿಸಿಕೊಳ್ಳಿ. ಶೇ 20 ಎಂದರೆ 1ಕ್ಕೆ 4. ಹೊಸ ಸಾಕ್ಷ್ಯ ಬಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ನನ್ನ ನಂಬಿಕೆ ನಿಜವಾಗಿದ್ದರೆ ಈ ಸಾಕ್ಷ್ಯ ಕಾಣುವ ಸಾಧ್ಯತೆ, ಸುಳ್ಳಾಗಿದ್ದರೆ ಕಾಣುವ ಸಾಧ್ಯತೆಯ ಎಷ್ಟು ಪಟ್ಟು? ಮೂರು ಪಟ್ಟು ಎಂದಾದರೆ 3ಕ್ಕೆ 4, ಅಂದರೆ ಸುಮಾರು ಶೇ 43. ಮುಂದಿನ ಸಾಕ್ಷ್ಯ ವಿರುದ್ಧವಾಗಿದ್ದು ಅರ್ಧ ಪಟ್ಟು ಎಂದಾದರೆ 1.5ಕ್ಕೆ 4, ಸುಮಾರು ಶೇ 27. ಪ್ರಶ್ನೆಯ ಎರಡನೇ ಅರ್ಧವನ್ನು ಬಿಟ್ಟುಬಿಡುವುದು ಸಾಮಾನ್ಯ ತಪ್ಪು. ನಂಬಿಕೆಗೆ ಹೊಂದುವ ಸುದ್ದಿ ಕಂಡ ತಕ್ಷಣ ಬಲ ಬಂತು ಅಂದುಕೊಳ್ಳುತ್ತೇವೆ. ನಂಬಿಕೆ ಸುಳ್ಳಾಗಿದ್ದರೂ ಆ ಸುದ್ದಿ ಅಷ್ಟೇ ಸುಲಭವಾಗಿ ಕಾಣುತ್ತಿದ್ದರೆ ಅನುಪಾತ 1, ಏನೂ ಬದಲಾಗಬಾರದು.

ಇನ್ನೊಂದು ತಪ್ಪು ಒಂದೇ ಮೂಲದ ಸಾಕ್ಷ್ಯವನ್ನು ಎರಡು ಸಲ ಎಣಿಸುವುದು. ಮೇಲಿನ ಮೂರು ಪಟ್ಟಿನ ಸುದ್ದಿಯನ್ನೇ ಇನ್ನೊಬ್ಬರು ನಕಲು ಮಾಡಿದ್ದನ್ನು ಓದಿ ಮತ್ತೆ ಮೂರರಿಂದ ಗುಣಿಸಿದರೆ 9ಕ್ಕೆ 4, ಶೇ 69 ಆಗಿಬಿಡುತ್ತದೆ. ನ್ಯಾಯವಾಗಿ ಅದು ಶೇ 43ರಲ್ಲೇ ನಿಲ್ಲಬೇಕಿತ್ತು.

ಸಹಜವಾಗಿ ಜನ ಎಷ್ಟು ಬದಲಿಸುತ್ತಾರೆ? ವಾರ್ಡ್ ಎಡ್ವರ್ಡ್ಸ್ 1968ರಲ್ಲಿ ವಿವರಿಸಿದ ಪ್ರಯೋಗ ಹೀಗಿದೆ. ಎರಡು ಚೀಲ, ಒಂದರಲ್ಲಿ ಶೇ 70 ಕೆಂಪು ಬಿಲ್ಲೆ, ಇನ್ನೊಂದರಲ್ಲಿ ಶೇ 30. ಯಾವುದೋ ಒಂದು ಚೀಲದಿಂದ 12 ಬಿಲ್ಲೆ ತೆಗೆದಾಗ (ಪ್ರತಿ ಸಲವೂ ವಾಪಸ್ ಹಾಕಿ) 8 ಕೆಂಪು, 4 ನೀಲಿ. ಇದು ಕೆಂಪು ಹೆಚ್ಚಿರುವ ಚೀಲವಾಗಿರುವ ಸಾಧ್ಯತೆ ಎಷ್ಟು? ಹೆಚ್ಚಿನವರು ಶೇ 70ರಿಂದ 80 ಎನ್ನುತ್ತಾರೆ. ಲೆಕ್ಕ ಹೀಗೆ: ಕೆಂಪು ನೀಲಿಗಿಂತ ನಾಲ್ಕು ಹೆಚ್ಚು, 7/3ರ ನಾಲ್ಕನೇ ಘಾತ ಸುಮಾರು 30, ಅಂದರೆ 30ಕ್ಕೆ 1, ಶೇ 97. ಸಣ್ಣ ಸಣ್ಣ ಸಾಕ್ಷ್ಯಗಳು ಒಂದೇ ಕಡೆ ಸೇರಿದಾಗ ಎಷ್ಟು ಬಲ ಬರುತ್ತದೆ ಎಂಬುದು ನಮ್ಮ ಅಂದಾಜಿಗೆ ಸಿಗುವುದಿಲ್ಲ. ಕಣ್ಣಿಗೆ ಹೊಡೆಯುವ ಒಂದೇ ಘಟನೆ ಎದುರಾದಾಗ ಇದೇ ಮನಸ್ಸು ಅತಿಯಾಗಿ ಜಿಗಿಯುವುದೂ ಇದೆ.

ನೀವು ಯಾವ ಕಡೆ ತಪ್ಪುತ್ತೀರಿ ಎಂದು ತಿಳಿಯಲು ಇತ್ಯರ್ಥವಾದ ಪ್ರಶ್ನೆಗಳನ್ನು ತೆಗೆದುಕೊಂಡು, ಪ್ರತಿ ಬದಲಾವಣೆಯ ವರ್ಗವನ್ನು ಕೂಡಿಸಿ, ಕೊನೆಗೆ 0 ಅಥವಾ 1ಕ್ಕೆ ಆದ ಜಿಗಿತವನ್ನೂ ಸೇರಿಸಿ. ಆರಂಭದ ಊಹೆ p ಆಗಿದ್ದರೆ ಈ ಮೊತ್ತ ಸರಾಸರಿಯಲ್ಲಿ p(1−p) ಆಗಬೇಕು. ಶೇ 50ರಿಂದ ಶುರುವಾದವಕ್ಕೆ 0.25. ಒಂದೊಂದು ಪ್ರಶ್ನೆಯಲ್ಲಿ ಹೆಚ್ಚು ಕಡಿಮೆ ಇದ್ದೇ ಇರುತ್ತದೆ: 50, 60, 70, 80, ಆಮೇಲೆ ‘ಆಯಿತು’ ಎಂದಾದರೆ ಮೊತ್ತ 0.07 ಮಾತ್ರ. ಹಲವು ಹತ್ತು ಪ್ರಶ್ನೆಗಳ ಸರಾಸರಿಯೇ 0.25ಕ್ಕಿಂತ ತುಂಬ ಕೆಳಗಿದ್ದರೆ ನೀವು ಸಾಕ್ಷ್ಯಕ್ಕೆ ಕಡಿಮೆ ಬಗ್ಗುತ್ತಿದ್ದೀರಿ, ತುಂಬ ಮೇಲಿದ್ದರೆ ಪ್ರತಿ ಸುದ್ದಿಗೂ ಓಲಾಡುತ್ತಿದ್ದೀರಿ. ಲೆಕ್ಕ ಹಾಕದೆಯೂ ಒಂದು ಗುರುತು ಸಿಗುತ್ತದೆ. ನಿಮ್ಮ ಮುಂದಿನ ತಿದ್ದುಪಡಿ ಯಾವ ದಿಕ್ಕಿಗೆ ಎಂದು ಈಗಲೇ ಹೇಳಬಲ್ಲಿರಾದರೆ, ಆ ತಿದ್ದುಪಡಿಯನ್ನು ಈಗಲೇ ಮಾಡಬೇಕಿತ್ತು.

---

ಶೇಷಪ್ರಶ್ನೆ

ಈ ಕೊನೆಯ ಮಾತಿಗೆ ವಿಜ್ಞಾನದ ಇತಿಹಾಸದಲ್ಲೇ ಪುರಾವೆ ಇದೆ. ಬೆಳಕಿನ ವೇಗಕ್ಕೆ ಮೈಕೆಲ್ಸನ್ 1926ರಲ್ಲಿ ಸೆಕೆಂಡಿಗೆ 299,796 ಕಿ.ಮೀ. ಎಂದರು, ಅನಿಶ್ಚಿತತೆ 4. ಇವತ್ತಿನ ಬೆಲೆ 299,792.458, ಅಂದರೆ ಅವರು ಹೇಳಿದ ಅಂಚಿನ ಒಳಗೇ ಇದ್ದರು. 1935ರಲ್ಲಿ ಪ್ರಕಟವಾದ ಮುಂದಿನ ದೊಡ್ಡ ಅಳತೆ 299,774ಕ್ಕೆ ಇಳಿಯಿತು. 1941ರಲ್ಲಿ ಬರ್ಜ್ ಲಭ್ಯವಿದ್ದ ಅಳತೆಗಳನ್ನು ತೂಗಿ ನೋಡಿ 299,776, ಅನಿಶ್ಚಿತತೆ 4 ಎಂದು ಒಪ್ಪಿತ ಬೆಲೆ ಕೊಟ್ಟರು. ತಪ್ಪು ಹೇಳಿಕೊಂಡ ಅನಿಶ್ಚಿತತೆಯ ನಾಲ್ಕು ಪಟ್ಟು. 1950ರಲ್ಲಿ ಎಸೆನ್ ಮೈಕ್ರೋವೇವ್ ಬಳಸುವ ಬೇರೆಯೇ ವಿಧಾನದಿಂದ 299,792.5 ಪಡೆದ ಮೇಲೆ ಅದು ಸರಿಹೋಯಿತು. ನಡುವಿನ ವರ್ಷಗಳಲ್ಲಿ ಹಲವು ಅಳತೆಗಳು ಪರಸ್ಪರ ಹೊಂದುತ್ತಿದ್ದವು. ಹೊಂದಾಣಿಕೆಯನ್ನೇ ಸತ್ಯಕ್ಕೆ ಸಾಕ್ಷಿ ಎಂದು ಹಿಡಿದರೆ ಮೋಸ ಹೋಗುತ್ತೇವೆ, ಯಾಕೆಂದರೆ ಸ್ವೀಕೃತ ಬೆಲೆಗೆ ಹತ್ತಿರ ಬಂದಾಗ ದೋಷ ಹುಡುಕುವುದನ್ನು ನಿಲ್ಲಿಸುವುದು ಮನುಷ್ಯ ಸಹಜ. ಮಿಲಿಕನ್‌ರ ಎಲೆಕ್ಟ್ರಾನ್ ಚಾರ್ಜ್ ಕೂಡ ಶೇ 0.6ರಷ್ಟು ಕಡಿಮೆ ಬಂದದ್ದು ಗಾಳಿಯ ಸ್ನಿಗ್ಧತೆಯ ತಪ್ಪು ಬೆಲೆಯಿಂದ. ಅದೇ ಬೆಲೆಯನ್ನು ಬಳಸಿ ಎಷ್ಟು ಸಲ ಪ್ರಯೋಗ ಮಾಡಿದರೂ ಅದೇ ತಪ್ಪು ಬರುತ್ತಿತ್ತು.

ಹಾಗಾಗಿ ನಿಮ್ಮ ಶೀಟ್‌ಗೆ ಆರನೇ ಕಾಲಂ ಸೇರಿಸಿ: ಈ ಊಹೆ ಯಾವ ಆಧಾರದ ಮೇಲೆ ನಿಂತಿದೆ. ಹತ್ತು ಊಹೆ ಒಂದೇ ಆಧಾರದ ಮೇಲೆ ನಿಂತಿದ್ದರೆ ಅವೆಲ್ಲ ಒಟ್ಟಿಗೇ ಬೀಳುತ್ತವೆ, ಅದನ್ನು ಹತ್ತು ಎಂದು ಎಣಿಸಬಾರದು.

ಅಂಕಿ ತಿದ್ದಬೇಕೋ ರಚನೆಯನ್ನೇ ಬದಲಿಸಬೇಕೋ ಎಂಬುದು ಎಲ್ಲಕ್ಕಿಂತ ಕಷ್ಟದ್ದು. ಯುರೇನಸ್ ದಾರಿ ತಪ್ಪುತ್ತಿದ್ದಾಗ ಖಗೋಳಜ್ಞ ಲವೆರಿಯೆ ಕಾಣದ ಗ್ರಹವೊಂದಿದೆ ಎಂದರು, 1846ರಲ್ಲಿ ಅವರು ಹೇಳಿದ ಜಾಗದಿಂದ ಒಂದು ಡಿಗ್ರಿಯ ಒಳಗೆ ನೆಪ್ಚೂನ್ ಸಿಕ್ಕಿತು. ಬುಧನ ಕಕ್ಷೆಯಲ್ಲಿ ಹೊಂದದ ವ್ಯತ್ಯಾಸ ಕಂಡಾಗ 1859ರಲ್ಲಿ ಅದೇ ತರ್ಕ ಬಳಸಿದರು, ಈ ಸಲ ಗ್ರಹ ಸಿಗಲೇ ಇಲ್ಲ. ಶತಮಾನಕ್ಕೆ 43 ಆರ್ಕ್‌ಸೆಕೆಂಡಿನ ಆ ಉಳಿಕೆಗೆ 1915ರಲ್ಲಿ ಸಾಮಾನ್ಯ ಸಾಪೇಕ್ಷತೆ ಉತ್ತರ ಕೊಟ್ಟಿತು. ತರ್ಕ ಒಂದೇ, ಒಂದು ಸಲ ಗೆದ್ದಿತು, ಒಂದು ಸಲ ಸೋತಿತು. ಎರಡೂ ಸಲ ಅದು ‘ಇಲ್ಲಿ ನೋಡಿ’ ಎಂದು ಜಾಗ ತೋರಿಸಿತ್ತು, ಹಾಗಾಗಿ ಸೋತದ್ದು ಗೊತ್ತಾಯಿತು. ಹಳೆಯ ನಂಬಿಕೆಗೆ ತೇಪೆ ಹಾಕುವುದು ತಪ್ಪಲ್ಲ. ಹೊಸದಾಗಿ ಏನನ್ನೂ ಮುನ್ನುಡಿಯದ ತೇಪೆ ಬೇಡ. ಎರಡು ಮೂರು ತೇಪೆಗಳು ಸಾಲಾಗಿ ಸೋತರೆ ರಚನೆಯ ಮೇಲಿನ ನಂಬಿಕೆಯನ್ನೇ ಇಳಿಸಿ.

---

ಸಂದೇಹಿ

ಇದು ಕೊನೆಯದು. ಅರ್ಧಂಬರ್ಧ ನಿಜವಾದ ಊಹೆಗಳಿಗೆ ಅಂಕ ಹೇಗೆ ಹಾಕುವುದು? ಎಂದೂ ಇತ್ಯರ್ಥವಾಗದ ಪ್ರಶ್ನೆಗಳನ್ನು ಏನು ಮಾಡುವುದು?

---

ಅಳತೆಗೋಲು

ಅರ್ಧಂಬರ್ಧ ಅನ್ನಿಸಿದ್ದಕ್ಕೆ 0.5 ಹಾಕಬೇಡಿ. ಬರೆದ ಪದಗಳನ್ನು ಅಕ್ಷರಶಃ ಓದಿ 0 ಅಥವಾ 1 ಕೊಡಿ, ಸಾಧ್ಯವಾದರೆ ನಿಮ್ಮ ಸಂಖ್ಯೆ ಗೊತ್ತಿಲ್ಲದ ಇನ್ನೊಬ್ಬರಿಂದ ಕೊಡಿಸಿ. ಎರಡೂ ರೀತಿ ಓದಬಹುದಾದರೆ ‘ರದ್ದು’ ಎಂದು ಬರೆದು ಲೆಕ್ಕದಿಂದ ಹೊರಗಿಡಿ, ಆದರೆ ಅಳಿಸಬೇಡಿ. ರದ್ದಾದವುಗಳಲ್ಲಿ ನಿಮ್ಮ ಊಹೆಗೆ ವಿರುದ್ಧ ಹೋಗುತ್ತಿದ್ದವೇ ಹೆಚ್ಚಿವೆಯೇ ಎಂದು ಆಗಾಗ ನೋಡಿ. ಹೆಚ್ಚಿದ್ದರೆ ರದ್ದು ಮಾಡುವ ಅಧಿಕಾರವನ್ನು ಇನ್ನೊಬ್ಬರಿಗೆ ಕೊಡಿ. ಹತ್ತಕ್ಕೆ ಒಂದಕ್ಕಿಂತ ಹೆಚ್ಚು ರದ್ದಾಗುತ್ತಿದ್ದರೆ ಹೇಳಿಕೆ ಬರೆಯುವ ಕ್ರಮ ಸಡಿಲವಾಗಿದೆ.

ಇತ್ಯರ್ಥವಾಗದ ದೊಡ್ಡ ಪ್ರಶ್ನೆಗಳನ್ನು ನೇರವಾಗಿ ಅಳೆಯಲು ಆಗುವುದಿಲ್ಲ. ಆ ನಂಬಿಕೆ ನಿಜವಾದರೆ ಮುಂದಿನ ಒಂದು ವರ್ಷದಲ್ಲಿ ಏನು ಕಾಣಬೇಕು, ಸುಳ್ಳಾದರೆ ಏನು ಕಾಣಬೇಕು ಎಂದು ಮೂರು ನಾಲ್ಕು ಸಣ್ಣ ಹೇಳಿಕೆಗಳಾಗಿ ಒಡೆಯಿರಿ, ಅವನ್ನು ಶೀಟ್‌ಗೆ ಹಾಕಿ. ಎರಡು ಸಂದರ್ಭದಲ್ಲೂ ಒಂದೇ ಸಂಖ್ಯೆ ಬರುವ ಹೇಳಿಕೆಗಳನ್ನು ತೆಗೆದುಹಾಕಿ. ಒಂದೂ ಉಳಿಯದಿದ್ದರೆ ಆ ನಂಬಿಕೆಯ ಎದುರು ಶೇಕಡಾ ಬರೆಯಬೇಡಿ, ಖಾಲಿ ಬಿಡಿ, ಆರು ತಿಂಗಳಿಗೊಮ್ಮೆ ತೆರೆದು ಹೊಸ ಹೇಳಿಕೆ ಏನಾದರೂ ಹೊಳೆಯುತ್ತದೆಯೇ ನೋಡಿ.